ಸ್ತೊಯಿಲರ ಹಿಂದಿನ ಜಾಗ

ನಮ್ಮೂರ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ರಕ್ತ ತೆಗೆಯುವ ಕೋಣೆಯ ಎದುರು, ಗೋಡೆಗುಂಟ ಒಂದು ಉದ್ದನೆಯ ಮರದ ಬೆಂಚಿತ್ತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ನಾವೆಲ್ಲ ತಿಂಗಳ ಮೊದಲ ಮಂಗಳವಾರ ಅಲ್ಲಿ ಸೇರುತ್ತಿದ್ದೆವು. ಮಾತ್ರೆ ಹೆಚ್ಚಾದರೆ ಒಸಡಿನಲ್ಲಿ ರಕ್ತ, ಕಡಿಮೆಯಾದರೆ ಹೃದಯದಲ್ಲಿ ರಕ್ತದ ಗಡ್ಡೆ. ಹಾಗಾಗಿ ತಿಂಗಳಿಗೊಮ್ಮೆ ಅಳೆದು ನೋಡಲೇಬೇಕು. ಹೃದಯದ ಕವಾಟ ಬದಲಾಯಿಸಿದ ಮೇಲೆ ಆ ಬೆಂಚು ನನ್ನ ಪಾಲಿಗೂ ಬಂತು.

ಮೆಟ್ಟಿಲು ಹತ್ತಿ ಬಂದವರು ಏದುಸಿರಿನಲ್ಲೇ ಒಂದು ಮಾತು ಕೇಳುತ್ತಿದ್ದರು. "ಕೊನೆಯವರು ಯಾರು?" ಬೆಂಚಿನಲ್ಲಿ ಯಾರೋ ಒಬ್ಬರು ಕೈ ಎತ್ತುವರು. ಅಲ್ಲಿಂದಾಚೆ ನಿಮ್ಮ ಜಾಗ ಅವರ ಹಿಂದೆ. ಚೀಟಿಯಿಲ್ಲ, ನಂಬರಿಲ್ಲ. ಅವರು ಕೆಳಗೆ ಕಾಫಿ ಕುಡಿಯಲು ಹೋದರೆ ಅವರ ಜಾಗ ಕಾಯುವುದು ನಿಮ್ಮ ಕೆಲಸ. ನೀವು ಹೋದರೆ ನಿಮ್ಮನ್ನು ನೆನಪಿಡುವುದು ಅವರ ಕೆಲಸ. ನಮ್ಮ ತಾಯಂದಿರು ರೊಟ್ಟಿಯ ಅಂಗಡಿಯ ಮುಂದೆ ಹೀಗೆಯೇ ನಿಂತರು. ನಾವು ಸಕ್ಕರೆಗೆ, ಬೂಟಿಗೆ, ಪಾಸ್‌ಪೋರ್ಟಿಗೆ ಹೀಗೆಯೇ ನಿಂತೆವು.

ನಾನು ಬಂದು ಕೇಳಿದಾಗ ಕೈ ಎತ್ತುತ್ತಿದ್ದವರು ಯಾವಾಗಲೂ ಸ್ತೊಯಿಲ್.

ಅವರು ದಾನ್ಯೂಬಿನ ಮೇಲೆ ಲಾರಿಗಳನ್ನು ಆಚೆ ದಡಕ್ಕೆ ದಾಟಿಸುವ ದೊಡ್ಡ ದೋಣಿಯಲ್ಲಿ ಹಗ್ಗದ ಕೆಲಸ ಮಾಡಿದವರು. ಸೇತುವೆಯಾದ ಮೇಲೆ ದೋಣಿ ನಿಂತಿತು. ಹೆಂಡತಿ ಇಟಲಿಗೆ ಮುದುಕರ ಆರೈಕೆಗೆಂದು ಹೋದವಳು ಅಲ್ಲಿಂದಲೇ ವಿಚ್ಛೇದನದ ಕಾಗದ ಕಳಿಸಿದಳಂತೆ. ಈಗ ನದಿಯ ಕೆಳಗಿನ ಹಳ್ಳಿಯೊಂದರಲ್ಲಿ ಒಬ್ಬರೇ ಇದ್ದರು. ಮೊದಲ ಬಸ್ಸಿಗೇ ಬರುವವರು. ಆದರೂ ಸರತಿಯಲ್ಲಿ ಸರಿಯಾಗಿ ನನಗಿಂತ ಒಂದು ಜಾಗ ಮುಂದೆ ಮಾತ್ರ ಇರುತ್ತಿದ್ದರು.

"ಈ ಯಜಮಾನ್ರಿಗೆ ಕೊನೆಯವರಾಗಿರೋಕೆ ಪುರಸಭೆಯೋರು ಸಂಬಳ ಕೊಡ್ತಾರಾ ಹೇಗೆ?" ಎಂದು ಕಂಬಳಿ ಕಾರ್ಖಾನೆಯ ಮಿನ್ಕಾ ಒಮ್ಮೆ ಬೆಂಚಿಗೆಲ್ಲ ಕೇಳುವಂತೆ ಹೇಳಿದಳು. ಎಲ್ಲರೂ ನಕ್ಕರು. ಸ್ತೊಯಿಲ್ ಟೋಪಿ ತೆಗೆದು ಮೊಣಕಾಲಿಗೆ ಹಾಕಿ ಅದರ ಅಂಚು ಸರಿಮಾಡಿದರು. ನಾನು ಗಂಡ ಹೋದಾಗಿನಿಂದ ಕಟ್ಟುವ ಕರಿ ಸ್ಕಾರ್ಫಿನ ಗಂಟು ಸರಿಮಾಡಿಕೊಂಡೆ.

ಅವರಿಗೆ ಒಂದು ಹಾಡು ಬರುತ್ತಿತ್ತು. ಹಾಡುತ್ತಿರಲಿಲ್ಲ, ಹೇಳುತ್ತಿದ್ದರು, ಅಪ್ಪನಿಂದ ಬಂದದ್ದು ಎನ್ನುತ್ತಿದ್ದರು. ಕಾಯುವಷ್ಟು ಹೊತ್ತು, ನನ್ನೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ.

ಹೊಳೆಯಾಚೆ ದೀಪ ಹಚ್ಯಾಳೆ ಯಾನಾ,
ಹೊಳೆಯೀಚೆ ಕುದುರೆ ಕಟ್ಯಾನೆ ರಾದುಲ್,
ನಡುವೆ ನೀರು, ನೀರ ಮ್ಯಾಲೆ ಮಂಜು,
ಯಾರ ಕೂಗು ಯಾರ ಕಿವಿಗೆ ಮುಟ್ಟೀತು.

ನರ್ಸ್ ತ್ಸೊಂಕಾ ಅವರ ಹೆಸರು ಕೂಗಿದಲ್ಲಿಗೆ ಹಾಡು ನಿಲ್ಲುತ್ತಿತ್ತು. ಮುಂದಿನ ತಿಂಗಳು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ನನ್ನ ಅಜ್ಜಿಗೆ ಕೀರ್ತನೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಚಳಿಗಾಲದಲ್ಲಿ ಜೋಳ ಬಿಡಿಸುತ್ತ ಸಂತರ ಕಥೆಗಳನ್ನು ಪದ್ಯದಲ್ಲೇ ಹೇಳುವಳು; ಹೇಳುವಾಗ ನಡುವೆ ಬಾಯಿ ಹಾಕಿದರೆ ದಿಂಡಿನಿಂದಲೇ ಹೊಡೆಯುವಳು. ಹಾಗೆ ಬೆಳೆದವಳು ನಾನು. ಕೇಳುವುದು ನನಗೆ ಗೊತ್ತು. ಸ್ತೊಯಿಲರಿಗೆ ನಾನು "ಹ್ಞೂಂ" ಎಂದದ್ದು ಬಿಟ್ಟರೆ ಹೆಚ್ಚೇನೂ ಹೇಳಿದವಳಲ್ಲ. ಅವರ ಮನೆತನದ ಹೆಸರು ಕೂಡ ಕೇಳಿರಲಿಲ್ಲ.

ಆಮೇಲೆ ಕಲೀನಾ ಬಂದಳು.

ಕಲೀನಾ ಎಂದರೆ ಫೋನಿನೊಳಗಿನ ದನಿ. ಹೆಂಗಸಲ್ಲ, ಯಂತ್ರ. ಆಸ್ಪತ್ರೆಯ ಎಲ್ಲ ವೈದ್ಯರ ಸಮಯ, ಕೋಣೆಗಳು, ಎಕ್ಸ್‌ರೇ, ಆಂಬುಲೆನ್ಸು, ಗಾಲಿಕುರ್ಚಿ ಸಹಿತ ಎಲ್ಲವನ್ನೂ ಅವಳೇ ಹಂಚತೊಡಗಿದಳು. ನೀವು ಫೋನ್ ಮಾಡಿ ಮಾತಾಡಿದರೆ ಸಾಕು, ನಿಮಗೊಂದು ಸಮಯ ಗೊತ್ತುಮಾಡಿ, ಹಿಂದಿನ ದಿನ ತಾನೇ ಫೋನ್ ಮಾಡಿ ನೆನಪಿಸುತ್ತಾಳೆ. ಮೊದಲ ವಾರಗಳಲ್ಲಿ ಊರಿಗೆ ಊರೇ ಅವಳಿಗೆ ಫೋನ್ ಮಾಡಿ "ಕೊನೆಯವರು ಯಾರು?" ಎಂದು ಕೇಳಿತಂತೆ. ಪಾಪ, ಅವಳು ಪ್ರತಿಯೊಬ್ಬರಿಗೂ "ಇಲ್ಲಿ ಯಾರೂ ಕೊನೆಯವರಲ್ಲ, ನಿಮಗೆ ನಿಮ್ಮದೇ ಸಮಯ ಇದೆ" ಎಂದು ತಾಳ್ಮೆಯಿಂದ ಹೇಳಿದಳಂತೆ. "ನಿನ್ನ ಸಮಯ ಬೇಡಮ್ಮ, ನಾನು ಯಾರ ಹಿಂದೆ ಅದನ್ನ ಹೇಳು" ಎಂದು ಮಿನ್ಕಾ ಜಗಳಕ್ಕೇ ಇಳಿದಿದ್ದಳು.

ನನಗೆ ಎಂಟೂ ನಲವತ್ತರ ಸಮಯ ಸಿಕ್ಕಿತು. ಹೋದೆ. ಕಾರಿಡಾರು ಖಾಲಿ. ಬೆಂಚಿನ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಕೂರುವ ಮೊದಲೇ ಬಾಗಿಲು ತೆರೆಯಿತು.

"ಬನ್ನಿ ಸೆವ್ದಕ್ಕ. ನೋಡಿದ್ರಾ, ಗಡಿಯಾರ ಇದ್ದ ಹಾಗೆ!" ಎಂದಳು ತ್ಸೊಂಕಾ. ಅವಳ ಮುಖವೇ ಅರಳಿತ್ತು. "ಮೊದಲು ಈ ಬಾಗಿಲು ತೆಗೆದ್ರೆ ಸಾಕು, ಹತ್ತು ಜನ ಮೈಮೇಲೆ ಬೀಳ್ತಿದ್ರು. ಈಗ ನಾನೂ ಮನುಷ್ಯರ ಥರ ಕಾಫಿ ಕುಡೀತೀನಿ."

ಸೂಜಿ ಚುಚ್ಚಿದಳು, ಹತ್ತಿ ಒತ್ತಿದಳು, ಮುಗಿಯಿತು. ಮತ್ತೆ ಬೀದಿಯಲ್ಲಿದ್ದೆ.

ಅದು ಒಳ್ಳೆಯದೇ. ಸುಳ್ಳು ಹೇಳಬಾರದು. ಕಾಲು ಊದಿಕೊಂಡ ಮಿನ್ಕಾ ಇನ್ನು ಥಂಡಿ ಮೆಟ್ಟಿಲ ಮೇಲೆ ನಿಲ್ಲಬೇಕಿಲ್ಲ. ಹಳ್ಳಿಗಳವರು ಕತ್ತಲಲ್ಲೇ ಎದ್ದು ಬರಬೇಕಿಲ್ಲ. ಇಗರ್ಜಿಯಲ್ಲಿ ಅದಕ್ಕಾಗಿ ಕೃತಜ್ಞತೆಯನ್ನೂ ಹೇಳಿದೆ. ಹೇಳಿ ಮುಗಿಸಿ ಶಿಲುಬೆಯ ಗುರುತು ಮಾಡಿದ ಮೇಲೂ ಕಾಲು ಕದಲಲಿಲ್ಲ. ಜನ ಕಾಯುವುದನ್ನು ತಪ್ಪಿಸು ಎಂದು ಬೇಡುತ್ತಾರೆ. ಕಾಯುವುದನ್ನು ವಾಪಸು ಕೊಡು ಎಂದು ಬೇಡುವುದು ಹೇಗೆ?

ಮರುತಿಂಗಳು ನಾನು ಕಲೀನಾಗೆ ಮಂಗಳವಾರದ ಮೊಟ್ಟಮೊದಲ ಸಮಯ ಕೊಡು ಎಂದೆ. ಸ್ತೊಯಿಲ್ ಮೊದಲ ಬಸ್ಸಿಗೆ ಬರುವವರು, ಯಾವತ್ತೂ ನನಗಿಂತ ಮುಂಚೆ ಬಂದವರು. ಬೇಗ ಹೋದರೆ ಸಿಕ್ಕಾರು ಎಂಬ ಲೆಕ್ಕ. ಸಿಗಲಿಲ್ಲ. ಚುಚ್ಚಿಸಿಕೊಂಡ ಮೇಲೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಹೋದರು. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

"ಸೆವ್ದಕ್ಕ, ತಲೆ ಸುತ್ತುತ್ತಾ?" ತ್ಸೊಂಕಾ ಹೊರಗೆ ಇಣುಕಿದಳು.

"ಇಲ್ಲಮ್ಮ, ಸುಮ್ನೆ."

"ಸುಮ್ನೆ ಕೂರೋ ಹಾಗಿಲ್ಲಕ್ಕ, ಮೇಲಿನವರು ಬೈತಾರೆ. ಸಮಯ ಇರೋರು ಮಾತ್ರ ಅಂತ ಬೋರ್ಡೇ ಹಾಕಿದಾರೆ ನೋಡಿ. ಮನೆಗೆ ಹೋಗಿ ಬೆಚ್ಚಗೆ ಕೂತ್ಕೊಳ್ಳಿ."

ಹೋದೆ. ಬೆಚ್ಚಗೇನೋ ಕೂತೆ. ತ್ಸೊಂಕಾಳನ್ನು ಕೇಳಿದರೆ ವಿಧವೆಯೊಬ್ಬಳು ಯಾರನ್ನು ಹುಡುಕುತ್ತಿದ್ದಾಳೆಂದು ಊರಿಗೆಲ್ಲ ತಿಳಿಯುತ್ತಿತ್ತು. ಆ ತಿಂಗಳಿಂದ ನನಗೊಂದು ಅಭ್ಯಾಸ ಹತ್ತಿತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಚಿತ್ರವಿರುವ ಹಾಳೆಯನ್ನು ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೀದಿಯ ಮರಗಳಿಗೆ ಅಂಟಿಸುತ್ತಾರೆ. ಹಿಂದೆ ಅವುಗಳ ಪಕ್ಕ ಹಾದುಹೋಗುತ್ತಿದ್ದವಳು ಈಗ ಒಂದೊಂದರ ಎದುರೂ ನಿಂತು ಕನ್ನಡಕ ಹಾಕಿಕೊಳ್ಳತೊಡಗಿದೆ. ಹಳ್ಳಿಯ ಬಸ್ಸು ನಿಲ್ಲುವ ಕಡೆಗೂ ಹೋಗಿ ನೋಡಿದೆ. ಪ್ರತಿ ಹಾಳೆಯಲ್ಲಿ ಬೇರೆ ಯಾರದೋ ಮುಖ ಕಂಡಾಗ ಎದೆ ಹಗುರಾಗುತ್ತಿತ್ತು; ಹಗುರಾದದ್ದಕ್ಕೆ ನಾಚಿಕೆಯಾಗಿ ಆ ಸತ್ತವರಿಗೊಂದು ಪ್ರಾರ್ಥನೆ ಹೇಳುತ್ತಿದ್ದೆ.

ಇಗರ್ಜಿಯಲ್ಲಿ ಇನ್ನೂ ಕಷ್ಟ. ಬದುಕಿರುವವರ ಮೇಣದಬತ್ತಿ ಮೇಲಿನ ತಟ್ಟೆಗೆ, ಸತ್ತವರದು ಕೆಳಗಿನ ಮರಳಿಗೆ. ಸ್ತೊಯಿಲರ ಬತ್ತಿ ಹಿಡಿದು ನಿಂತರೆ ನನ್ನ ಕೈ ನಡುವಿನಲ್ಲೇ ನಿಲ್ಲುತ್ತಿತ್ತು. ಕೊನೆಗೆ ಮೇಲೇ ಇಟ್ಟೆ, ಪ್ರತಿ ಸಲ. ಇಟ್ಟು ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿದೆ. ಗಂಡನ ಬತ್ತಿ ಕೆಳಗೆ ಮರಳಿನಲ್ಲಿ ನೆಟ್ಟಗೆ ಉರಿಯುತ್ತಿತ್ತು.

ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಕಲೀನಾಗೆ ಫೋನ್ ಮಾಡಿದೆ.

"ಕಲೀನಾ, ಈ ಸಲ ನನ್ನನ್ನ ಸ್ತೊಯಿಲ್ ಅವರ ಹಿಂದೆ ಹಾಕು."

"ಸೆವ್ದಾ ಅವರೇ, ಬೇರೆಯವರ ಸಮಯ ಯಾವಾಗ ಅಂತ ನಾನು ಹೇಳೋ ಹಾಗಿಲ್ಲ."

"ಹೇಳೋದು ಬೇಡ. ಹಾಕಿದ್ರೆ ಸಾಕು."

"ಹಾಕಿದ್ರೆ ಹೇಳಿದ ಹಾಗೇ ಆಗುತ್ತಲ್ವಾ?"

ನನಗೆ ನಗು ಬಂತು. ಹೌದಲ್ಲ. ಇವಳು ದಡ್ಡಿಯಲ್ಲ.

"ಹೋಗಲಿ, ಬದುಕಿದ್ದಾರಾ? ಅಷ್ಟು ಹೇಳು."

"ಅದನ್ನೂ ಹೇಳೋ ಹಾಗಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು. ನಿಮ್ಮ ಬಗ್ಗೆ ಯಾರಾದ್ರೂ ಕೇಳಿದ್ರೂ ನಾನು ಹೀಗೇ ಅಂತೀನಿ."

ನಾನು ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದೆ. "ಯಾರಾದ್ರೂ ಕೇಳಿದ್ರಾ?"

"ಅದನ್ನೂ ಹೇಳೋ ಹಾಗಿಲ್ಲ, ಸೆವ್ದಾ ಅವರೇ."

ಅವಳ ದನಿಯಲ್ಲಿ ಏನಾದರೂ ಸಿಕ್ಕೀತೇ ಎಂದು ಕಿವಿಗೊಟ್ಟೆ. ದೇವರ ಮುಂದೆ ನಿಂತು ಹಾಗೆ ಕಿವಿಗೊಟ್ಟವಳು ನಾನು, ಅಲ್ಲಿಯೂ ಹೀಗೆಯೇ ಏನೂ ಸಿಕ್ಕಿರಲಿಲ್ಲ. ಕಲೀನಾ ಮುಂದುವರಿಸಿದಳು: "ಒಂದು ದಾರಿ ಇದೆ. ಅಕ್ಕಪಕ್ಕದ ಸಮಯ ಬೇಕು ಅಂತ ಇಬ್ಬರೂ ಕೇಳಿದ್ರೆ ನಾನು ಕೊಡಬಹುದು. ನಿಮ್ಮ ಕೋರಿಕೆ ನನ್ನ ಹತ್ರ ಇಟ್ಕೋತೀನಿ. ಅವರೂ ನಿಮ್ಮ ಹೆಸರು ಹೇಳಿ ಕೇಳಿದ ದಿನ ಸೇರಿಸ್ತೀನಿ. ಅಲ್ಲಿವರೆಗೆ ಅವರಿಗೆ ಈ ವಿಷಯ ತಿಳಿಯಲ್ಲ. ಇಡಲಾ?"

"ಇಡು."

ಅಂದಿನಿಂದ ಪ್ರತಿ ತಿಂಗಳು ನೆನಪಿಸಲು ಫೋನ್ ಮಾಡಿದಾಗ ಅವಳು ಕಡೆಯಲ್ಲಿ ಕೇಳುತ್ತಿದ್ದಳು, "ಕೋರಿಕೆ ಹಾಗೇ ಇರಲಾ?" ನಾನು "ಇರಲಿ" ಎನ್ನುತ್ತಿದ್ದೆ. ನದಿಯ ಮೇಲಿನ ಮಂಜುಗಡ್ಡೆ ಒಡೆಯಿತು, ಕೊಕ್ಕರೆಗಳು ಬಂದು ದೀಪದ ಕಂಬಗಳ ಮೇಲೆ ಗೂಡು ಕಟ್ಟಿದವು, ಲಿಂಡೆನ್ ಮರಗಳು ಮೊಗ್ಗೊಡೆದವು. ಕೋರಿಕೆ ಹಾಗೇ ಇತ್ತು. ಅವರು ಬದುಕಿದ್ದೂ ಕೇಳುತ್ತಿಲ್ಲವೆಂದರೆ ನಾನು ಅವರಿಗೆ ಬೇಡವಾಗಿದ್ದೇನೆ, ಬದುಕಿಲ್ಲವೆಂದರೆ... ಎರಡರಲ್ಲಿ ಯಾವುದನ್ನು ಬಯಸಬೇಕೋ ತಿಳಿಯದೆ ರಾತ್ರಿಯ ಪ್ರಾರ್ಥನೆಯಲ್ಲಿ ಹೆಸರಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.

ಈಸ್ಟರಿನ ನಂತರದ ಮಂಗಳವಾರ ಎಂದಿನಂತೆ ಮೊದಲಿಗಳಾಗಿ ಹೋದೆ. ಹಬ್ಬಕ್ಕೆಂದು ಕೆಂಪು ಬಣ್ಣ ಹಾಕಿದ ಮೊಟ್ಟೆಯೊಂದನ್ನು ತ್ಸೊಂಕಾಳ ಕೈಗಿಟ್ಟೆ. ಅವಳು ಖುಷಿಯಿಂದ ನನ್ನ ತೋಳಿಗೆ ಪಟ್ಟಿ ಬಿಗಿಯುತ್ತ ಹರಟಿದಳು.

"ನಿಮ್ಮ ಹಟ ನಿಮ್ಮದು ಬಿಡಿ ಸೆವ್ದಕ್ಕ, ಕೋಳಿ ಕೂಗೋ ಮುಂಚೆ ಬಂದುಬಿಡ್ತೀರಿ. ಇನ್ನೊಬ್ಬ ತಾತ ಇದಾನೆ, ಅವನಿಗೆ ಕೊನೇ ಸಮಯಾನೇ ಆಗಬೇಕು. ಎಷ್ಟು ಹೇಳಿದ್ರೂ ಕೇಳಲ್ಲ. ಕೊನೇದು ಸಿಕ್ಕಲಿಲ್ಲ ಅಂತ ಒಂದು ತಿಂಗಳು ಬರಲೇ ಇಲ್ಲ, ಡಾಕ್ಟ್ರ ಹತ್ರ ಬೈಸ್ಕೊಂಡ. ನನ್ನ ಊಟದ ಹೊತ್ತು ಮೀರಿದ್ರೂ ಕುರ್ಚಿ ಬಿಟ್ಟು ಏಳಲ್ಲ, ಮೊಣಕಾಲಿಗೆ ಟೋಪಿ ಹಾಕ್ಕೊಂಡು ಮೆಟ್ಟಿಲ ಕಡೆ ನೋಡ್ತಾನೆ. 'ತಾತ, ನಿಮ್ಮ ಹಿಂದೆ ಯಾರೂ ಇಲ್ಲ, ಬಾಗಿಲು ಹಾಕ್ತೀನಿ' ಅಂದ್ರೆ, 'ಒಂದೈದು ನಿಮಿಷ ನೋಡೋಣಮ್ಮ' ಅಂತಾನೆ... ಅಯ್ಯೋ, ಕೈ ಯಾಕೆ ಅಲ್ಲಾಡಿಸ್ತೀರಿ? ಸೂಜಿ ಇದೆ!"

ಸೂಜಿ ಇದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಎದುರಿನ ಉದ್ಯಾನದಲ್ಲಿ ಕೂತೆ. ನಾನು ಅವರ ಹಿಂದೆ ಸೇರಬೇಕೆಂದು ಎಲ್ಲರಿಗಿಂತ ಮೊದಲು ಬಂದೆ. ಅವರು ನಾನು ಬಂದು ಸೇರಲಿ ಎಂದು ಎಲ್ಲರಿಗಿಂತ ಕೊನೆಗೆ ಕೂತರು. ಬೆಂಚಿದ್ದಾಗ ಅದು ಸರಿಯಾದ ಲೆಕ್ಕ. ಕೊನೆಯವನಾಗಿ ಕೂತವನ ಪಕ್ಕಕ್ಕೆ ಬರುವವಳು ಬಂದೇ ಬರಬೇಕಿತ್ತು. ಆದರೆ ಕಲೀನಾಳ ಲೋಕದಲ್ಲಿ ಕೊನೆಯ ಸಮಯದ ಹಿಂದೆ ಬೀಗ ಮಾತ್ರ ಇತ್ತು. ಆ ಮನುಷ್ಯ ತಿಂಗಳುಗಟ್ಟಲೆ ಬೀಗದ ಮುಂದೆ ನನಗೆ ಜಾಗ ಹಿಡಿದಿದ್ದರು.

ಮಧ್ಯಾಹ್ನದ ಬಸ್ಸು ಬಂದು ಹೋದ ಸದ್ದು ಕೇಳಿತು. ಎದ್ದೆ. ಮೆಟ್ಟಿಲು ಹತ್ತುವಾಗ ಹೊಸ ಲೋಹದ ಕವಾಟ ನನಗೇ ಕೇಳುವಂತೆ ಟಿಕ್ ಟಿಕ್ ಅನ್ನುತ್ತಿತ್ತು. ಮೇಲೆ ತಲುಪಿ ಬಾಯಿ ತೆರೆಯುವ ಮೊದಲೇ ಪ್ಲಾಸ್ಟಿಕ್ ಕುರ್ಚಿಯಿಂದ ಕೈಯೊಂದು ಮೇಲೆದ್ದಿತು.

ತೆಳ್ಳಗಾಗಿದ್ದರು. ಅಂಗಿಯ ಕೊರಳಪಟ್ಟಿ ಕತ್ತಿಗೆ ದೊಡ್ಡದಾಗಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ.

"ತಡ ಆಯ್ತು ನಿಮಗೆ," ಎಂದರು.

"ನಾನು ಬೇಗ ಬರ್ತಿದ್ದೆ," ಎಂದೆ.

"ಅದೇ ತಪ್ಪು ನೋಡಿ. ನೀವು ಯಾವತ್ತು ಬೇಗ ಬಂದೋರು? ನಿಮಗೋಸ್ಕರ ಆ ಬೆಂಚಿನ ಮೇಲೆ ಎಷ್ಟು ಜನಾನ ಮುಂದೆ ಕಳಿಸಿದೀನಿ ಗೊತ್ತಾ? 'ನೀವು ಹೋಗಿ ತಾಯಿ, ನಂದೇನು ಅವಸರ ಇಲ್ಲ', 'ನೀವು ಹೋಗಪ್ಪ, ನಿಮಗೆ ಬಸ್ಸಿದೆ'. ಊರಲ್ಲೆಲ್ಲ ಪುಣ್ಯಾತ್ಮ ಅನ್ನಿಸ್ಕೊಂಡೆ."

ಬಾಗಿಲು ತೆರೆದು ತ್ಸೊಂಕಾ ಅವರ ಹೆಸರು ಕೂಗಲು ಬಾಯಿ ತೆರೆದವಳು ನನ್ನನ್ನು ಕಂಡಳು. "ಸೆವ್ದಕ್ಕ? ನಿಮ್ದು ಬೆಳಿಗ್ಗೇನೇ ಆಯ್ತಲ್ಲ?"

"ಆಯ್ತು."

"ಮತ್ತೆ?"

ಅವಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಅವರ ಮೊಣಕಾಲಿನ ಟೋಪಿ ನೋಡಿದಳು. ಕೆನ್ನೆ ಕೆಂಪೇರಿತು. "ಸ್ವಲ್ಪ ಕೂತಿರಿ ತಾತ. ಟ್ಯೂಬುಗಳಿಗೆ ಹೆಸರು ಅಂಟಿಸೋದು ತುಂಬಾ ಇದೆ ನನಗೆ. ತುಂಬಾ ಇದೆ," ಎಂದು ಬಾಗಿಲು ಮೆಲ್ಲಗೆ ಮುಚ್ಚಿದಳು. ಒಳಗೆ ರೇಡಿಯೋ ಶುರುವಾಯಿತು.

"ಯಾನಾ ಹೊಳೆ ದಾಟಿದ್ಲಾ?" ಎಂದೆ.

ಸ್ತೊಯಿಲ್ ತಲೆ ತಗ್ಗಿಸಿದರು. "ಒಂದು ಹೇಳ್ತೀನಿ, ಬೈಬೇಡಿ. ನಮ್ಮಪ್ಪನ ಹಾಡು ಯಾವತ್ತೋ ಮುಗಿದುಹೋಗಿತ್ತು. ಅದರಲ್ಲಿ ಅವಳು ದಾಟಿ, ಮದುವೆ ಆಗಿ, ಮಕ್ಕಳೂ ಆಗಿದ್ವು. ನಿಮಗೆ ಹಾಗೆ ಮುಗಿಸಿಬಿಟ್ರೆ ಮುಂದಿನ ತಿಂಗಳು ಏನು ಹೇಳಲಿ? ಅದಕ್ಕೆ ಬಸ್ಸಲ್ಲಿ ಬರ್ತಾ ಬರ್ತಾ ನಾನೇ ಕಟ್ಟಿದೆ. ಮಂಜು ತಂದೆ, ಪ್ರವಾಹ ತಂದೆ, ದೋಣಿ ಮುಳುಗಿಸಿದೆ..."

"ಅದಕ್ಕೇನಾ ಕುದುರೆ ಬಣ್ಣ ಬದಲಾಯ್ತು? ಶುರುವಿನಲ್ಲಿ ಕರೀದು, ಆಮೇಲೆ ಬಿಳೀದು."

"ಪತ್ತೆ ಹಚ್ಚಿಬಿಟ್ರಾ?"

"ಅಜ್ಜಿ ಇದ್ದಿದ್ರೆ ದಿಂಡಲ್ಲಿ ಹೊಡೀತಿದ್ಲು ನಿಮಗೆ."

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆ ಕೆಮ್ಮು ಕೇಳುತ್ತ ನನಗೆ, ನಮಗಿರುವ ಮಂಗಳವಾರಗಳು ಹೆಚ್ಚಿಲ್ಲವೆಂದು ಅರಿವಾಯಿತು.

ಅವರ ರಕ್ತ ತೆಗೆದಾದ ಮೇಲೆ ಇಬ್ಬರೂ ಬಸ್ಸಿನ ಕಡೆ ನಡೆದೆವು. ನಿಲ್ದಾಣದಲ್ಲಿ ನಾನು ಕಲೀನಾಳ ದಾರಿಯ ವಿಷಯ ಹೇಳಿದೆ. ಇಬ್ಬರೂ ಕೇಳಿದರೆ ಅಕ್ಕಪಕ್ಕ ಕೊಡುತ್ತಾಳೆ ಎಂದೆ. ಸ್ತೊಯಿಲ್ ಕಣ್ಣರಳಿಸಿ ತಕ್ಷಣ ಜೇಬಿನಿಂದ ಗುಂಡಿಗಳ ಹಳೇ ಫೋನು ತೆಗೆದು, ಕಿವಿ ಮಂದವೆಂದು ದನಿ ಜೋರು ಮಾಡಿ ಹಿಡಿದರು.

"ತಾಯಿ, ನನ್ನನ್ನ ಸೆವ್ದಾ ಅವರ ಪಕ್ಕ ಹಾಕು."

"ಆಗಲಿ, ಸ್ತೊಯಿಲ್ ಅವರೇ," ಎಂದಳು ಕಲೀನಾ, ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ. "ಕೋರಿಕೆ ಎರಡೂ ಕಡೆಯಿಂದ ಬಂದಿದೆ. ಒಂದು ವಿವರ ಬೇಕು. ಅವರು ನಿಮಗೆ ಏನಾಗಬೇಕು?"

ಸ್ತೊಯಿಲ್ ಫೋನನ್ನು ಮುಖದಿಂದ ದೂರ ಹಿಡಿದರು. ಇಷ್ಟು ವರ್ಷ ನದಿಗೆ, ಕುದುರೆಗೆ, ಯಾನಾಳಿಗೆ ಮಾತು ಕಟ್ಟಿದವರು ಟೋಪಿಯ ಅಂಚು ಸರಿಮಾಡತೊಡಗಿದರು. ಅವರ ಬಸ್ಸು ತಿರುವಿನಲ್ಲಿ ಬಂದು ಬಾಗಿಲು ತೆರೆದು ನಿಂತಿತು.

"ಏನು ಹೇಳಲಿ?" ಎಂದು ನನ್ನನ್ನು ಕೇಳಿದರು.

"ಇಲ್ಲಿ ಕೊಡಿ," ಎಂದು ಫೋನು ತೆಗೆದುಕೊಂಡೆ. "ಕಲೀನಾ, ನಾನು ಸೆವ್ದಾ. ನಿನಗೆ ಒಂದೇ ಮಾತಲ್ಲಿ ಬೇಕೋ, ಪೂರ್ತಿ ಬೇಕೋ?"

"ನಿಮಗೆ ಹೇಗೆ ಅನುಕೂಲವೋ ಹಾಗೆ."

ಹೇಳಲು ಶುರುಮಾಡಿದೆ. ಬೆಂಚಿನಿಂದಲ್ಲ, ಅದಕ್ಕೂ ಹಿಂದಿನಿಂದ. ಕವಾಟ ಬದಲಾಯಿಸಿದ ಮೇಲೆ ರಾತ್ರಿಯೆಲ್ಲ ನನ್ನ ಎದೆಯ ಟಿಕ್ ಟಿಕ್ ಕೇಳುತ್ತ, ಈ ಸದ್ದು ಇನ್ನು ಯಾರಿಗಾಗಿ ಎಂದು ಮಲಗಿರುತ್ತಿದ್ದ ದಿನಗಳಿಂದ. ಅಷ್ಟು ಮಾತು ನಾನು ಯಾರ ಎದುರೂ ಒಟ್ಟಿಗೆ ಆಡಿದವಳಲ್ಲ. ಸ್ತೊಯಿಲ್ ಪಕ್ಕದಲ್ಲಿ ಕೈಕಟ್ಟಿ, ಬಾಯಿ ಮುಚ್ಚಿ, ಕೇಳುತ್ತಿದ್ದರು.

"ಯಜಮಾನ್ರೇ, ಹತ್ತೀರೋ ಇಲ್ವೋ?" ಚಾಲಕ ಹಾರ್ನ್ ಹೊಡೆದ.

ಸ್ತೊಯಿಲ್ ನನ್ನ ಮುಖದಿಂದ ಕಣ್ಣು ತೆಗೆಯದೆ ಅವನಿಗೆ ಹೋಗು ಎಂದು ಕೈ ಬೀಸಿದರು. ಬಾಗಿಲು ಮುಚ್ಚಿತು. ಬಸ್ಸು ನದಿಯ ರಸ್ತೆ ಹಿಡಿಯಿತು.